ಮೂರನೆಯ ಗಾಜಿನ ಪದರ

ಜನವರಿ 9

ಪುಟ್ಟಿ,

ನಿನ್ನ ಲೇಖನ ಅಚ್ಚಾದ ಪತ್ರಿಕೆ ಬಂತು. ಅದರಲ್ಲಿರುವ ಗೆರೆ, ಅಂಕಿ ನನಗೆ ಅರ್ಥವಾಗುವಂಥದ್ದಲ್ಲ. ಕೆಲಸಕ್ಕೆ ಹೋಗುವಾಗ ಚೀಲದಲ್ಲಿಟ್ಟುಕೊಂಡು ಹೋದೆ, ಶೆಡ್ಡಿನ ಯಜಮಾನರು ಓದಿ ಹೇಳಿದರು. ಕಡೆಯ ಪುಟದಲ್ಲಿ ನೀನು ಬರೆದ ಸಾಲನ್ನು ಎರಡು ಸಲ ಓದಿದರು: "ಈ ಪ್ರಯೋಗದ ಹಲಗೆಗಳನ್ನೆಲ್ಲ ನನ್ನ ತಂದೆ ತಮ್ಮ ಕೈಯಾರೆ ಪದರ ಪದರವಾಗಿ ಹಾಸಿದರು. ಅದು ಅವರ ಕಡೆಯ ಕೆಲಸ." ಅಂಚು ಉಜ್ಜುವ ಬೂದಣ್ಣ ಕಣ್ಣು ಒರೆಸಿಕೊಂಡ. ನಾನು ನೋಡಿದ್ದು ಕಂಡು, "ಗಾಜಿನ ಪುಡಿ ಹೋಯ್ತು ಕಣಕ್ಕಾ, ಇನ್ನೇನಲ್ಲ," ಅಂದ. ಮೆಷಿನ್ ನಿಂತು ಅರ್ಧ ಗಂಟೆಯಾಗಿತ್ತು.

ಯಜಮಾನರಿಗೆ ಅದನ್ನು ಓದಿದ ಮೇಲೆ ಒಂದು ಯೋಚನೆ ಬಂದಿದೆ. ಆಸ್ಪತ್ರೆಯವರು ರೋಗಿಗಳನ್ನು ಮಲಗಿಸಿ ಮೆಟ್ಟಿಲಿಳಿಸುವ ಸ್ಟ್ರೆಚರ್ ಹಲಗೆ ಕೇಳುತ್ತಿದ್ದಾರಂತೆ. ಪೂರ್ತಿ ಗಾಜಿನ ನಾರಿನದು ಭಾರ, ಹೊರುವವರ ಸೊಂಟ ಹೋಗುತ್ತದೆ. ನಿನ್ನ ಪದರಗಳ ಪಟ್ಟಿಯಲ್ಲಿರುವಂತೆ ಸೆಣಬು, ಗಾಜು ಎರಡೂ ಕೂಡಿಸಿ ಮಾಡಿದರೆ ಹಗುರವಾಗುತ್ತದೆ ಎಂದು ಅವರ ಲೆಕ್ಕ. "ಅಪ್ಪ ಹಾಸಿದ್ದು, ಮಗಳು ಅಳೆದದ್ದು, ಈಗ ಅಮ್ಮ ಮಾಡಬೇಕು," ಎಂದು ಇಪ್ಪತ್ತು ಹಲಗೆಯ ಕೆಲಸವನ್ನು ನನಗೇ ಒಪ್ಪಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಎಂದುಕೊಂಡರು.

ನಿನಗೆ ಒಂದು ಮಾತು ಹೇಳಬೇಕಿತ್ತು. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ "ಊಟ ಆಯ್ತಾ" ಎನ್ನುವುದರಾಚೆ ನನಗೆ ಬಾಯಿ ಬರುವುದಿಲ್ಲ. ಬರೆಯೋಣವೆಂದು ಕೂತೆ. ಬರೆಯಲೂ ಬರುತ್ತಿಲ್ಲ. ಇನ್ನೊಮ್ಮೆ ನೋಡೋಣ.

ನಿಮ್ಮಪ್ಪ ಹೋಗಿ ಐದು ತಿಂಗಳಾಯಿತು.

ನಿನ್ನ
ಅಮ್ಮ

ಜನವರಿ 21

ಅಮ್ಮಾ,

ನಿನ್ನ ಕಾಗದವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ನಮ್ಮಂಥವರು ಬರೆದದ್ದು ಕಪಾಟಿನಲ್ಲಿ ಧೂಳು ತಿನ್ನುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಅಪ್ಪನ ಶೆಡ್ಡಿನಲ್ಲೇ ಅದು ಹಲಗೆಯಾಗಿ, ಅದರ ಮೇಲೆ ಮನುಷ್ಯರು ಮಲಗುತ್ತಾರೆ ಅಂದರೆ! ನಮ್ಮ ಗೈಡ್‌ಗೆ ಹೇಳಿದೆ. ಅವರು ನಗುವುದೇ ಅಪರೂಪ, ಅವತ್ತು ನಕ್ಕರು. ಏಪ್ರಿಲ್ ಕೊನೆಯಲ್ಲಿ ನನ್ನ ಮೌಖಿಕ ಪರೀಕ್ಷೆ. ಅದೊಂದು ಮುಗಿದರೆ ಡಾಕ್ಟರೇಟು ನನ್ನದು.

ಅಂಕಿ ಅರ್ಥವಾಗುವುದಿಲ್ಲ ಎಂದಿದ್ದೆಯಲ್ಲ, ಹೇಳ್ತೀನಿ ಕೇಳು. ಸೆಣಬು ಹಗುರ, ಆದರೆ ಮೆತ್ತಗೆ. ಗಾಜಿನ ನಾರು ಗಟ್ಟಿ, ಆದರೆ ಭಾರ. ಎರಡನ್ನೂ ಒಟ್ಟಿಗೆ ರೆಸಿನ್ ಅಂಟಿನಲ್ಲಿ ಕೂರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ಹೊರುತ್ತದೆ. ಬಗ್ಗಿಸಿದಾಗ ಹಲಗೆಯ ಮೇಲು ಕೆಳಗಿನ ಚರ್ಮಕ್ಕೇ ಹೆಚ್ಚು ನೋವು. ಅದಕ್ಕೆ ಗಾಜನ್ನು ಹೊರಗಿಟ್ಟು ಸೆಣಬನ್ನು ನಡುವೆ ಇಟ್ಟೆವು. ನಾಲ್ಕು ಪದರ ಸೆಣಬು, ಮೇಲೊಂದು ಕೆಳಗೊಂದು ಗಾಜು. ಬಗ್ಗಿಸುವ ಪರೀಕ್ಷೆಯಲ್ಲಿ ಬಲದ ಅಂಕಿ ನೂರ ಅರವತ್ತೆಂಟು ಬಂತು. ಬೇರೆಯವರಿಗೆ ಇದೇ ಪದರದಲ್ಲಿ ನೂರಿಪ್ಪತ್ತು ದಾಟಿಲ್ಲ. "ಇದು ಪದರದ ಗುಣವಲ್ಲ, ಹಾಸಿದವನ ಕೈಗುಣ," ಎಂದರು ಗೈಡ್.

ನೀನು ಅಪ್ಪನ ಪಕ್ಕದಲ್ಲೇ ಇಪ್ಪತ್ತೆರಡು ವರ್ಷ ಹಾಸಿದವಳು. ಅವರು ಹಾಸಿದ ಹಾಗೇ ಹಾಸು, ಸಾಕು.

ಏನೋ ಹೇಳಬೇಕು ಅಂತ ಬರೆದಿದ್ದೆ. ಏನದು? ಮಂಡಿ ನೋವು ಮತ್ತೆ ಬಂತಾ?

ನಿನ್ನ
ಪುಟ್ಟಿ

ಫೆಬ್ರವರಿ 3

ಪುಟ್ಟಿ,

ಮಂಡಿ ಚೆನ್ನಾಗಿದೆ.

ಮೊದಲ ನಾಲ್ಕು ಸ್ಟ್ರೆಚರ್ ಹಲಗೆ ಆಯಿತು. ನಿನ್ನ ಪಟ್ಟಿಯಂತೆಯೇ ಹಾಸಿದೆ. ಸೆಣಬಿನ ಬಟ್ಟೆಯನ್ನು ಎರಡು ದಿನ ಬಿಸಿಲಿಗೆ ಹಾಕಿ ಒಣಗಿಸಿದೆ, ರೋಲರ್ ಒತ್ತಿ ಒತ್ತಿ ಗಾಳಿಯನ್ನೆಲ್ಲ ಹೊರಗೆ ತೆಗೆದೆ. ನೋಡಲು ಕನ್ನಡಿ ಹಾಗಿದ್ದವು. ಎರಡು ಕುರ್ಚಿಯ ಮೇಲೆ ಅಡ್ಡವಿಟ್ಟು ಯಜಮಾನರು ಮರಳಿನ ಮೂಟೆ ಹೇರಿಸಿದರು. ಮೂರು ಮೂಟೆ ತಡೆಯಿತು. ನಾಲ್ಕನೆಯದಕ್ಕೆ ಎರಡು ಹಲಗೆ ಒಳಗಿಂದ "ಟಿಕ್" ಎಂದವು. ಬಿರುಕು ಕಣ್ಣಿಗೆ ಕಾಣದು, ಕಿವಿಗೆ ಕೇಳಿತು. ಉಳಿದೆರಡು ಹೇಗೋ ತಡೆದವು.

"ಲೆಕ್ಕದ ಪ್ರಕಾರ ಐದು ಮೂಟೆ ತಡೀಬೇಕಲ್ಲಮ್ಮ," ಎಂದರು ಯಜಮಾನರು.

"ಅಣ್ಣನ ಕೈ ಅಣ್ಣನಿಗೇ," ಎಂದು ನಿಮ್ಮಪ್ಪನನ್ನು ನೆನೆದ ಬೂದಣ್ಣ. "ಅಕ್ಕನ ಕೈಯಲ್ಲಿ ಸಾರು ರುಚಿ, ಹಲಗೆ ಅಷ್ಟಕ್ಕಷ್ಟೇ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಐದನೆಯ ಹಲಗೆ ಹಾಸುವಾಗ ಒಂದು ತಪ್ಪು ಮಾಡಲು ಹೋದೆ. ಕೆಳಗಿನ ಗಾಜಿನ ನಾರಿನ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಕಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಪ್ರೆಸ್ಸಿನಲ್ಲಿ ಒತ್ತಿದರೆ ದಪ್ಪ ಅಷ್ಟೇ ಇರುತ್ತದೆ, ಹೆಚ್ಚಿನ ರೆಸಿನ್ ಅಂಚಿನಿಂದ ಹೊರಗೆ ಬರುತ್ತದೆ. ಆದರೆ ಈಗ ಮ್ಯಾಟನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. "ಎಷ್ಟು ಬೇಕಮ್ಮ?" ಎಂದು ಸ್ಟೋರಿನವಳು ಕೇಳಿದಳು. "ಮೂರು" ಎಂದೆ. "ಪಟ್ಟೀಲಿ ಎರಡೇ ಇದೆ," ಎಂದಳು. ಎರಡನ್ನೇ ತಂದೆ.

ಪುಟ್ಟಿ, ನಿನ್ನ ಆ ನೂರ ಅರವತ್ತೆಂಟು ಸರಿಯಾಗಿದೆಯಾ? ಇನ್ನೊಮ್ಮೆ ನೋಡುತ್ತೀಯಾ?

ನಿನ್ನ
ಅಮ್ಮ

ಫೆಬ್ರವರಿ 12

ಅಮ್ಮ,

ಅಂಕಿ ಸರಿಯಾಗಿದೆ. ಹದಿನೈದು ತುಂಡು ಬಗ್ಗಿಸಿ ನೋಡಿದ್ದೇನೆ.

ಹಲಗೆಯ ಯಾವ ಮಗ್ಗುಲನ್ನು ಕೆಳಗೆ ಇಟ್ಟಿದ್ದಿರಿ? ಮಗುಚಿ ಹಾಕಿ ನೋಡಿ. ರೆಸಿನ್ ಹಳೆಯದೇನೋ, ಅದನ್ನೂ ವಿಚಾರಿಸಿ. ಯಜಮಾನರಿಗೆ ನಾನೇ ಬೇರೆ ಕಾಗದ ಹಾಕಿದ್ದೇನೆ, ಲೆಕ್ಕ ಸರಿಯಿದೆ ಎಂದು.

ಪ್ರಬಂಧದ ಕೆಲಸ ತುಂಬಾ ಇದೆ. ಇದನ್ನೇ ಮತ್ತೆ ಕೇಳಬೇಡ.

ಪುಟ್ಟಿ

ಫೆಬ್ರವರಿ 26

ಮಗಳೇ,

ಮೇಲೊಂದು ಕೆಳಗೊಂದು ಗಾಜಿರುವ ಹಲಗೆಗೆ ಮೇಲೇನು, ಕೆಳಗೇನು? ನಿನ್ನ ಆ ಪ್ರಶ್ನೆಯನ್ನು ಎರಡು ದಿನ ತಿರುತಿರುಗಿ ಓದಿದೆ.

ನಿನ್ನ ಕಾಗದ ನಂಬಿ ಯಜಮಾನರು ತಡೆದ ಎರಡು ಹಲಗೆಯನ್ನು ಸೋಮವಾರ ಆಸ್ಪತ್ರೆಗೆ ಕಳಿಸಿಬಿಟ್ಟರು. ವ್ಯಾನು ಗೇಟು ದಾಟುವುದನ್ನು ನೋಡುತ್ತ ನಿಂತಿದ್ದೆ. ತಡೆಯಲಿಲ್ಲ. ಇನ್ನು ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ.

ನಿನ್ನ ಹಲಗೆಗಳನ್ನು ನಿಮ್ಮಪ್ಪ ಹಾಸಿದ್ದಲ್ಲ. ನಾನು ಹಾಸಿದ್ದು. ಅವುಗಳಲ್ಲಿ ಗಾಜು ಎರಡಲ್ಲ, ಮೂರು.

ಅವರು ಹಾಸಿದರು, ಹಾಸಲಿಲ್ಲವೆಂದಲ್ಲ. ಜುಲೈ ಮೊದಲ ವಾರ, ನಿನ್ನ ಪಟ್ಟಿ ಗೋಡೆಗೆ ಅಂಟಿಸಿಕೊಂಡು ಶುರು ಮಾಡಿದರು. ಕೈ ಎಷ್ಟು ನಡುಗುತ್ತಿತ್ತು ಎಂದು ನಿನಗೆ ನಾನು ಯಾವತ್ತೂ ಬರೆಯಲಿಲ್ಲ. ಹಾರ್ಡನರ್ ಬೆರೆಸಿದ ಮೇಲೆ ರೆಸಿನ್ ಇಪ್ಪತ್ತು ನಿಮಿಷ ಕಾಯುತ್ತದೆ, ಆಮೇಲೆ ಯಾರ ಮಾತೂ ಕೇಳುವುದಿಲ್ಲ. ಅವರು ಮೂರನೆಯ ಪದರಕ್ಕೆ ಬರುವಷ್ಟರಲ್ಲಿ ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ನಾನು ಹಿಡಿಯಲು ಹೋದರೆ, "ಇದು ನನ್ನ ಮಗಳ ಕೆಲಸ, ನೀನು ದೂರ ನಿಲ್ಲು," ಎನ್ನುತ್ತಿದ್ದರು. ನಾಲ್ಕು ಹಲಗೆ ಮಾಡಿದರು. ಅಲ್ಲಲ್ಲಿ ರೆಸಿನ್ ಕುಡಿಯದ ಸೆಣಬು ಬಿಳಿಚಿಕೊಂಡಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಆಮೇಲೆ ಹಾಸಿಗೆ ಹಿಡಿದರು.

ಅವನ್ನು ನಿನಗೆ ಕಳಿಸಿದ್ದರೆ ನೀನು ಒಂದೇ ನೋಟಕ್ಕೆ ತಿಳಿದುಕೊಳ್ಳುತ್ತಿದ್ದೆ. ರಜೆಯ ದಿನ ಶೆಡ್ಡಿನ ಬೀಗ ತೆಗೆಸಿ, ಹಾಡುಹಗಲೇ, ಒಬ್ಬಳೇ ನಾಲ್ಕನ್ನೂ ಹೊಸದಾಗಿ ಹಾಸಿದೆ. ಹಾಸುವಾಗ ನನ್ನ ಕೈಮೇಲೆ ನನಗೆ ನಂಬಿಕೆ ಇರಲಿಲ್ಲ. ಅವರ ಹೆಸರಲ್ಲಿ ಹೋಗುವ ಹಲಗೆ ಮುರಿದರೆ ಏನು ಗತಿ? ಅದಕ್ಕೆ ಕೆಳಮಗ್ಗುಲಲ್ಲಿ ಇನ್ನೊಂದು ಗಾಜು ಹಾಕಿದೆ. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದ ಹಾಗೆ ಎಂದುಕೊಂಡೆ. ನೀನು ಅಳೆಯುವುದೇ ಆ ಚಿಟಿಕೆಯನ್ನು ಎಂದು ನನಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಆಗ ಸುಮ್ಮನಿದ್ದೆ.

ಅವರ ಹಲಗೆಗಳನ್ನು ಗರಗಸದಲ್ಲಿ ತುಂಡು ಮಾಡಿ ಶೆಡ್ಡಿನ ಹಿಂದಿನ ಗುಡ್ಡೆಗೆ ಎಸೆದೆ. ಉಳಿಸಿಕೊಂಡಿಲ್ಲ.

ಕಳ್ಳಿಗೆ ಪಿಳ್ಳೆ ನೆವ ಎನ್ನುತ್ತಾರಲ್ಲ, ಹಾಗೆ ನಿನ್ನ ಮೇಲೂ ಅವರ ಮೇಲೂ ನೆವ ಹಾಕುತ್ತಿಲ್ಲ. ಮಾಡಿದ್ದು ನಾನು. ನಿನ್ನ ಗೈಡ್‌ಗೆ ಹೇಳು. ನಾಳೆ ಬೆಳಿಗ್ಗೆ ಯಜಮಾನರಿಗೆ ನಾನು ಹೇಳುತ್ತೇನೆ.

ಅಮ್ಮ

ಮಾರ್ಚ್ 16

ಪುಟ್ಟಿ,

ನಿನ್ನಿಂದ ಕಾಗದವಿಲ್ಲ. ಫೋನು ಎರಡು ಸಲ ರಿಂಗಾಗಿ ನಿಂತಿತು. ತೆಗೆಯದಿದ್ದದ್ದಕ್ಕೆ ಬೇಜಾರಿಲ್ಲ. ನೀನು ತೆಗೆದಿದ್ದರೂ ನಾನು ಊಟದ ಮಾತೇ ಆಡುತ್ತಿದ್ದೆನೇನೋ.

ಯಜಮಾನರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕನೇ ಮೂಟೆಗೇ ಹೇಳಬಹುದಿತ್ತಲ್ಲಮ್ಮಾ," ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹಲಗೆ ವಾಪಸ್ ತರಲು ವ್ಯಾನಿನಲ್ಲಿ ನಾನೂ ಹೋದೆ. ಯಾರೂ ಹೋಗು ಎನ್ನಲಿಲ್ಲ, ನಾನೇ ಹತ್ತಿ ಕೂತೆ. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಲಿಫ್ಟು ಕೆಟ್ಟಿತ್ತು. ಅಲ್ಲಿನ ಆಯಾ ನಮ್ಮ ಹಲಗೆಯನ್ನು ಗೋಡೆಗೆ ಒರಗಿಸಿ ಒರೆಸುತ್ತಿದ್ದಳು.

"ಇದನ್ಯಾಕೆ ತಗೊಂಡು ಹೋಗ್ತೀರಾ? ಎಷ್ಟು ಹಗುರ ಇದೆ ಗೊತ್ತಾ? ನಿನ್ನೆ ಇದರ ಮೇಲೇ ಒಬ್ಬ ಅಜ್ಜೀನ ಕೆಳಗಿಳಿಸಿದ್ವಿ. 'ಪಲ್ಲಕ್ಕಿ ಮೇಲೆ ಕೂತ ಹಾಗಿದೆ ಕಣ್ರೇ' ಅಂತಿತ್ತು ಅಜ್ಜಿ."

"ಸದ್ದೇನಾದರೂ ಬಂತಾ?" ಎಂದು ಕೇಳಿದೆ.

"ಯಾವ ಸದ್ದು? ಅಜ್ಜೀದೇ ಸದ್ದು!" ಎಂದು ನಕ್ಕಳು.

ಮೆಟ್ಟಿಲಿಳಿಯುವಾಗ ಎಣಿಸಿದೆ. ನಲವತ್ನಾಲ್ಕು ಮೆಟ್ಟಿಲು, ನಡುವೆ ಎರಡು ತಿರುವು. ಆ ಅಜ್ಜಿ ಯಾರೋ, ಯಾರ ತಾಯಿಯೋ. ಅಷ್ಟು ಮೆಟ್ಟಿಲು ಅವಳನ್ನು ಹೊತ್ತಿದ್ದು ನನ್ನ ಸುಳ್ಳು.

ಎರಡನ್ನೂ ಬೂದಣ್ಣ ಕೊಯ್ದು ಹಾಕಿದ. ಅವನು ಈಗ ನನ್ನನ್ನು ತಮಾಷೆ ಮಾಡುವುದಿಲ್ಲ. ನಾನು ಹೋದರೆ ಮೆಷಿನ್ ಹಾಕಿಕೊಂಡು ತಲೆ ಬಗ್ಗಿಸುತ್ತಾನೆ.

ಒಂದು ಸಾಲು ಬರೆ. ಬೈದಾದರೂ ಬರೆ.

ಅಮ್ಮ

ಮಾರ್ಚ್ 29

ಅಮ್ಮಾ,

ನಿನ್ನ ಎರಡೂ ಕಾಗದ ಬಂದಿವೆ. ಬೈದೇ ಬರೆಯಬೇಕೆಂದು ನಾಲ್ಕು ಸಲ ಕೂತೆ. ಬೈಯಲು ನನಗೆ ಮುಖವಿಲ್ಲ.

ನನಗೆ ಗೊತ್ತಿತ್ತು. ಎಲ್ಲವೂ ಅಲ್ಲ, ಆದರೆ ಮೂರು ಎಂಬುದು ಗೊತ್ತಿತ್ತು. ಮೊದಲ ತುಂಡು ಮುರಿದ ದಿನವೇ ಮುರಿದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಮಗ್ಗುಲಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ, ಇನ್ನೊಂದು ಮಗ್ಗುಲಲ್ಲಿ ದಪ್ಪಗೆ ಎರಡು. ತುಂಡನ್ನು ಮಗುಚಿ ಬಗ್ಗಿಸಿದರೆ ಅಂಕಿ ಬೇರೆಯೇ ಬಂತು, ಬಹಳ ಕಡಿಮೆ. ಅಪ್ಪ ಹೋಗಿ ಹನ್ನೊಂದು ದಿನವಾಗಿತ್ತು. ಗೈಡ್ ಬಳಿ ಹೋಗಿ ನಮ್ಮಪ್ಪ ಲೆಕ್ಕ ತಪ್ಪಿದ್ದಾರೆ ಎನ್ನಲು ನಾಲಿಗೆ ಏಳಲಿಲ್ಲ. ಮಾರನೆಯ ದಿನದಿಂದ ಪ್ರತಿ ತುಂಡನ್ನೂ ದಪ್ಪ ಮಗ್ಗುಲು ಕೆಳಗೆ ಬರುವಂತೆ ನೋಡಿಕೊಂಡು ಇಟ್ಟೆ. ಹದಿನೈದೂ ಹಾಗೇ. ಮುರಿದ ಚೂರುಗಳನ್ನು ಯಾರಿಗೂ ತೋರಿಸಲಿಲ್ಲ.

ನೀನು ಸಾರಿಗೆ ಉಪ್ಪು ಹಾಕಿದೆ. ನಾನು ರುಚಿ ನೋಡಿ, ಗೊತ್ತಿದ್ದೂ, ಊರಿಗೆಲ್ಲ ಬಡಿಸಿದೆ. ಆ ಅಜ್ಜಿಯ ವಿಷಯ ಓದಿ ಇಡೀ ದಿನ ಲ್ಯಾಬಿಗೆ ಹೋಗಲಿಲ್ಲ. ಲೆಕ್ಕ ಸರಿಯಿದೆ ಎಂದು ಕಾಗದ ಹಾಕಿದವಳು ನಾನು. ಇನ್ನೊಮ್ಮೆ ನೋಡು ಎಂದು ನೀನು ಕೇಳಿದ್ದೆ.

ಗೈಡ್‌ಗೆ ಹೇಳಿದೆ, ನಿನ್ನದನ್ನೂ, ನನ್ನದನ್ನೂ. ಅವರು ಕಿಟಕಿ ಕಡೆ ತಿರುಗಿ ನಿಂತರು. "ತಪ್ಪು ಹಲಗೆಯನ್ನು ನಾನು ಕ್ಷಮಿಸುತ್ತೇನೆ. ತುಂಡನ್ನು ಮಗುಚಿ ಇಟ್ಟದ್ದನ್ನು ಕ್ಷಮಿಸಲು ನನಗೆ ಸ್ವಲ್ಪ ಸಮಯ ಬೇಕು," ಎಂದರು. ಪ್ರಕಟವಾದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಏಪ್ರಿಲ್ ಪರೀಕ್ಷೆ ಇಲ್ಲ. ಇನ್ನೊಂದು ವರ್ಷವೋ, ಹೆಚ್ಚೋ. ಬಿಟ್ಟು ಹೋಗು ಎನ್ನಲಿಲ್ಲ, ಅಷ್ಟೇ ನನ್ನ ಪುಣ್ಯ. ಹೊಸ ಹಲಗೆಗಳನ್ನು ಲ್ಯಾಬಿನಲ್ಲೇ, ಅವರ ಕಣ್ಣೆದುರಿಗೇ ಹಾಸಬೇಕಂತೆ. "ಹಾಸುವವರು ಯಾರು?" ಎಂದೆ. "ನಿಮ್ಮ ತಾಯಿ ಬರುವುದಾದರೆ ಅವರೇ ಬರಲಿ," ಎಂದರು.

ಒಂದೇ ಒಂದು ಸಿಟ್ಟು ಉಳಿದಿದೆ, ಅದನ್ನು ಬರೆದುಬಿಡುತ್ತೇನೆ. ಜುಲೈನಲ್ಲಿ ಪಾರ್ಸಲು ಬಿಚ್ಚಿದಾಗ ಆ ಹಲಗೆಗಳ ಮೇಲೆ ಕೈಯಾಡಿಸಿದೆ. ಎಷ್ಟು ನುಣುಪು! ಇಂಥ ಹಲಗೆ ಹಾಸುವ ಕೈಗೆ ಏನೂ ಆಗಿಲ್ಲ, ಅಪ್ಪ ಗಟ್ಟಿಯಾಗಿದ್ದಾರೆ, ಹಲಗೆಯ ಪರೀಕ್ಷೆ ಮುಗಿಸಿಯೇ ಊರಿಗೆ ಹೋದರಾಯಿತು ಎಂದುಕೊಂಡೆ. ಅದಕ್ಕೇ ಬರಲಿಲ್ಲ ಅಮ್ಮಾ. ನಾನು ಬರುವಷ್ಟರಲ್ಲಿ ಅವರ ಕೈಯನ್ನು ಬಟ್ಟೆಯಲ್ಲಿ ಸುತ್ತಿದ್ದಿರಿ.

ಅಪ್ಪನಿಗೆ ಗೊತ್ತಿತ್ತಾ? ತಮ್ಮ ಹಲಗೆ ಬದಲಾಯಿತು ಎಂದು? ಇದೊಂದನ್ನು ನಿಜ ಹೇಳು.

ಪುಟ್ಟಿ

ಏಪ್ರಿಲ್ 7

ಪುಟ್ಟಿ,

ಹದಿನೈದನೆಯ ತಾರೀಕಿನ ಬಸ್ಸಿಗೆ ಬರುತ್ತೇನೆ. ಯಜಮಾನರು ಹತ್ತು ದಿನ ರಜೆ ಕೊಟ್ಟಿದ್ದಾರೆ. ಯಾಕೆ ಎಂದು ಕೇಳಲಿಲ್ಲ. ನನ್ನ ರೋಲರ್ ತರುತ್ತೇನೆ, ಲ್ಯಾಬಿನದು ನನ್ನ ಕೈಗೆ ಹೊಂದುವುದಿಲ್ಲ. ಗಾಜು, ಸೆಣಬು ಎರಡನ್ನೂ ನಿನ್ನ ಗೈಡೇ ಎಣಿಸಿ ಕೊಡಲಿ.

ನೀನು ಬರಲಿಲ್ಲವಲ್ಲ, ಅದು ನಿನ್ನ ತಪ್ಪಲ್ಲ. ನೀನು ನಿಶ್ಚಿಂತೆಯಿಂದ ಓದಲಿ ಎಂದೇ ನಾನು ಹಲಗೆಯನ್ನು ಅಷ್ಟು ನುಣುಪು ಮಾಡಿದ್ದು. ನೀನು ನಂಬಲೆಂದೇ ಮಾಡಿದ್ದನ್ನು ನೀನು ನಂಬಿದೆ. ಅದನ್ನು ಇನ್ನು ಜೀವವಿರುವವರೆಗೆ ನಾನೇ ಹೊರುತ್ತೇನೆ, ನೀನು ಪಾಲು ಕೇಳಬೇಡ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ನಾಲ್ಕು ದಿನ ತೆಗೆದುಕೊಂಡೆ. ಫೆಬ್ರವರಿಯ ಕಾಗದದಲ್ಲಿ ಎಲ್ಲ ಹೇಳಿಬಿಟ್ಟೆ ಎಂದು ನೀನು ತಿಳಿದಿರಬಹುದು. ಎಲ್ಲ ಹೇಳಿರಲಿಲ್ಲ.

ಪಾರ್ಸಲು ಕಟ್ಟುವ ಮೊದಲು ಒಂದು ಹಲಗೆಯನ್ನು ಅವರ ಮಂಚದ ಹತ್ತಿರ ತೆಗೆದುಕೊಂಡು ಹೋದೆ. "ನೋಡಿ, ನಿಮ್ಮ ಹಲಗೆ. ಅಂಚು ಉಜ್ಜಿಸಿದ್ದೀನಿ," ಎಂದೆ. ಖುಷಿಪಡಲಿ ಎಂದೇ ತೋರಿಸಿದ್ದು. ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಮೆಲ್ಲಗೆ ಕೆರೆದರು. ನಡುಗುವ ಕೈಯಾದರೂ ಉಗುರಿಗೆ ಎಲ್ಲ ತಿಳಿಯುತ್ತಿತ್ತು.

"ಇದರಲ್ಲಿ ಗಾಜು ಮೂರಿದೆಯಲ್ಲೇ."

"ಇದ್ದರೆ ಇರಲಿ ಬಿಡಿ."

"ಇರಲಿ ಅಂದ್ರೆ ಹೇಗೆ? ಮಗು ಎರಡು ಅಂತ ಬರೆದಿದ್ದಾಳೆ. ಮೂರು ಹಾಕಿದ್ದು ಯಾರು?"

ಆಗ ನಿಜ ಹೇಳಬಹುದಿತ್ತು. ನಿಮ್ಮ ಹಲಗೆ ಕೆಟ್ಟಿತ್ತು, ನಾನು ಬೇರೆ ಮಾಡಿದೆ ಎನ್ನಬಹುದಿತ್ತು. ಅಷ್ಟು ಗಟ್ಟಿ ಎದೆಯವರು, ತಡೆದುಕೊಳ್ಳುತ್ತಿದ್ದರು. ನಾನು ಏನು ಹೇಳಿದೆ ಗೊತ್ತಾ ಪುಟ್ಟಿ?

"ನೀವೇ ಹಾಕಿದ್ದು. ಮರೆತಿದ್ದೀರಿ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. "ನಲವತ್ತು ವರ್ಷದಲ್ಲಿ ಒಂದು ಪದರ ತಪ್ಪಿದವನಲ್ಲ ಕಣೇ ನಾನು," ಎಂದರು. "ನಾನೇನಾ?" ಎಂದು ಇನ್ನೊಮ್ಮೆ ಕೇಳಿದರು. ಹೌದು ಎಂದೆ. ನಂಬಿದರು. ಹೆಂಡತಿ ಹೇಳಿದ ಮೇಲೆ ನಂಬದೆ ಇರುತ್ತಾರಾ?

ತಮ್ಮ ಹಲಗೆ ಬದಲಾದದ್ದು ಅವರಿಗೆ ಗೊತ್ತಾಗಲಿಲ್ಲ. ತಮ್ಮ ಬುದ್ಧಿಯೂ ಕೈಕೊಟ್ಟಿತು ಎಂದುಕೊಂಡೇ ಹೋದರು.

ಆಮೇಲೆ ಸ್ವಲ್ಪ ನಕ್ಕರು ಕೂಡ. "ಸರಿ, ತಪ್ಪಿದ್ದೀನಿ. ತಪ್ಪಿದ್ದನ್ನ ಹೇಳಿದರೆ ಹಲಗೆ ಏನೂ ಕೆಡಲ್ಲ. ಮಗಳಿಗೆ ಹೇಳಿಬಿಡು, ಮೂರು ಅಂತ ಬರೆದುಕೊಳ್ಳಲಿ," ಎಂದರು. ಹೇಳ್ತೀನಿ ಎಂದೆ. ಮೂರು ಎಂದರೆ ನೀನು ಯಾಕೆ ಎನ್ನುತ್ತೀಯ, ಯಾಕೆ ಎಂದರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಎಂದು ಹೆದರಿದೆ. ಮಾರನೆಯ ದಿನ "ಹೇಳಿದೆಯಾ?" ಎಂದು ಕೇಳಿದರು. ಹೇಳಿದೆ ಎಂದೆ. ಮಾತು ನಿಲ್ಲುವ ಹಿಂದಿನ ದಿನವೂ ಕೇಳಿದರು. "ಬರೆದುಕೊಂಡಳಾ?" "ಬರೆದುಕೊಂಡಳು" ಎಂದೆ. ಕಣ್ಣು ಮುಚ್ಚಿಕೊಂಡರು.

ಎಂಟು ತಿಂಗಳು ತಡವಾಯಿತು. ಈಗ ಹೇಳುತ್ತಿದ್ದೇನೆ. ಆ ಹಲಗೆಗಳಲ್ಲಿ ಗಾಜು ಮೂರಿದೆಯಂತೆ. ಬರೆದುಕೊಳ್ಳಬೇಕಂತೆ. ಅಪ್ಪ ಹೇಳಿಕಳಿಸಿದ್ದಾರೆ.

ಅಮ್ಮ